ಹೂವಮ್ಮನ ಉಳಿದೊಂದು ಕಿಡ್ನಿ

1987ರಲ್ಲಿ ನಾನು ಹೊಸನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಲೇಡಿ ಮೆಡಿಕಲ್ ಆಫೀಸರ್ ಆಗಿದ್ದೆ. ಆ ಊರಿಗೆ ವರ್ಗವಾಗಿ ಬಂದು ಎರಡು ವರ್ಷ ಕಳೆದಿತ್ತು. ಹೆರಿಗೆ, ಹಾವು ಕಡಿತ, ಬೇಸಿಗೆ ಬಂತೆಂದರೆ ಮಂಗನ ಕಾಯಿಲೆಯ ಜ್ವರ, ಇವೇ ನಮ್ಮ ದಿನನಿತ್ಯದ ಕೆಲಸ. ನಮ್ಮಲ್ಲಿದ್ದ ಎಕ್ಸ್‌ರೇ ಯಂತ್ರದಲ್ಲಿ ಎದೆ ಮತ್ತು ಮೂಳೆ ಬಿಟ್ಟು ಬೇರೇನೂ ಸರಿಯಾಗಿ ಕಾಣುತ್ತಿರಲಿಲ್ಲ. ಅಲ್ಟ್ರಾಸೌಂಡ್ ಎಂಬ ಯಂತ್ರದ ಬಗ್ಗೆ ಓದಿದ್ದೆನೇ ಹೊರತು ಕೈಯಲ್ಲಿ ಮುಟ್ಟಿರಲಿಲ್ಲ. ಮೂತ್ರಪಿಂಡದ ಕ್ಯಾನ್ಸರಿನ ಒಂದು ಕೇಸು ನನ್ನ ವೃತ್ತಿಯನ್ನೇ ತಿದ್ದುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ತಿಂಗಳಿಗೊಮ್ಮೆ ತಾಲ್ಲೂಕಿನ ಎ.ಎನ್.ಎಂ.ಗಳು, ಅಂದರೆ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ, ಲಸಿಕೆ ಹಾಕುವ ಸರ್ಕಾರಿ ದಾದಿಯರು, ಮೀಟಿಂಗಿಗೆ ಆಸ್ಪತ್ರೆಗೆ ಬರುತ್ತಿದ್ದರು. ಅವರಲ್ಲಿ ಹೂವಮ್ಮ ಎಲ್ಲರಿಗಿಂತ ಹಿರಿಯಳು. ಆಗ ಅವಳಿಗೆ ನಲವತ್ತೆಂಟು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಶರಾವತಿ ಹಿನ್ನೀರಿನ ಅಂಚಿನ ನಾಲ್ಕೈದು ಹಳ್ಳಿಗಳು ಅವಳ ಪಾಲಿಗಿದ್ದವು. ಕೆಲವು ಕಡೆಗೆ ತೆಪ್ಪದಲ್ಲಿ ಹೋಗಬೇಕಿತ್ತು. ಹೆರಿಗೆ ನೋವು ಶುರುವಾಯಿತೆಂದರೆ ಆ ಹಳ್ಳಿಗಳ ಹೆಂಗಸರು ದೇವರಿಗಿಂತ ಮೊದಲು ಹೂವಮ್ಮನಿಗೆ ಹೇಳಿಕಳಿಸುತ್ತಿದ್ದರು.

ಫೆಬ್ರವರಿಯ ಮೀಟಿಂಗ್ ಮುಗಿದ ಮೇಲೆ ಹೂವಮ್ಮ ಒಂದು ಚಿಕ್ಕ ಬಾಟಲಿ ತಂದು ನನ್ನ ಮೇಜಿನ ಮೇಲಿಟ್ಟಳು. ಒಬ್ಬ ಗರ್ಭಿಣಿಯ ಮೂತ್ರ, ಪರೀಕ್ಷೆ ಮಾಡಿಸಿಕೊಡಿ ಎಂದಳು. ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕಿತ್ತು. ಸೂಕ್ಷ್ಮದರ್ಶಕದಲ್ಲಿ ತುಂಬಾ ರಕ್ತಕಣಗಳು ಕಂಡವು. ಹುಡುಗಿಯನ್ನು ಕರೆದುಕೊಂಡು ಬಾ ಎಂದೆ. ಆಗಲಿ ಎಂದು ಹೋದವಳು ಹದಿನೈದು ದಿನ ಬಿಟ್ಟು ಮತ್ತೊಂದು ಬಾಟಲಿ ತಂದಳು. ಅದೇ ಬಣ್ಣ. ಮಾರ್ಚ್‌ನಲ್ಲಿ ಮೂರನೆಯದು.

ಮೂರನೇ ಸಲ ನನಗೆ ಅನುಮಾನ ಬಂತು. ಗರ್ಭಿಣಿಯ ಹೆಸರು ಕೇಳಿದೆ. ಹೇಳಿದಳು. ಎಷ್ಟನೇ ತಿಂಗಳು ಎಂದೆ. ಏಳು ಎಂದಳು. ಫೆಬ್ರವರಿಯಲ್ಲೂ ಏಳು ಎಂದೇ ಹೇಳಿದ್ದಳು. ಮೂವತ್ತು ವರ್ಷ ಗರ್ಭಿಣಿಯರ ತಿಂಗಳು ಲೆಕ್ಕ ಹಾಕಿದ ದಾದಿ ಇಂಥ ತಪ್ಪು ಮಾಡುವವಳಲ್ಲ. ಬಾಗಿಲು ಹಾಕಿ, ಇದು ಯಾರದ್ದು ಎಂದು ನೇರವಾಗಿ ಕೇಳಿದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ನಂದೇ ಅಮ್ಮಾ. ಹೇಳಿದ್ರೆ ಮತ್ತೆ ದೊಡ್ಡಾಸ್ಪತ್ರೆಗೆ ಕಳಿಸ್ತೀರಿ ಅಂತ ಹೇಳ್ಲಿಲ್ಲ. ನಂಗಿರೋದು ಒಂದೇ ಕಿಡ್ನಿ."

ಒಂಬತ್ತು ವರ್ಷದ ಹಿಂದೆ, 1978ರಲ್ಲಿ, ಘಟ್ಟದ ಕೆಳಗಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅವಳ ಬಲಗಡೆಯ ಕಿಡ್ನಿ ತೆಗೆದಿದ್ದರು. ಕಲ್ಲು ಬೆಳೆದು ಕಿಡ್ನಿ ಕೆಟ್ಟುಹೋಗಿತ್ತು ಎಂದಷ್ಟೇ ಅವಳಿಗೆ ಗೊತ್ತಿದ್ದದ್ದು. ಆದರೆ ಆ ಕಲ್ಲನ್ನು ಅವಳಿಗೆ ಯಾರೂ ತೋರಿಸಿರಲಿಲ್ಲ. ಊರಿನಲ್ಲಿ ಇನ್ನೊಂದು ಕಥೆ ಓಡಾಡುತ್ತಿತ್ತು: ಕಲ್ಲೂ ಇಲ್ಲ, ಮಣ್ಣೂ ಇಲ್ಲ, ಆಸ್ಪತ್ರೆಯವರು ಚೆನ್ನಾಗಿದ್ದ ಕಿಡ್ನಿಯನ್ನೇ ಕದ್ದು ಯಾವನೋ ಶ್ರೀಮಂತನಿಗೆ ಹಾಕಿದರು. ಪಟ್ಟಣಗಳಲ್ಲಿ ಕಿಡ್ನಿ ಮಾರಾಟವಾಗುತ್ತದೆಂಬ ಸುದ್ದಿ ಪತ್ರಿಕೆಗಳಲ್ಲೂ ಬರುತ್ತಿದ್ದ ಕಾಲ ಅದು. ಕಥೆಯನ್ನು ಜನ ಸುಲಭವಾಗಿ ನಂಬಿದ್ದರು. ಹೂವಮ್ಮನೂ ಅರ್ಧ ನಂಬಿದ್ದಳು.

ಅವಳನ್ನು ಮಂಚದ ಮೇಲೆ ಮಲಗಿಸಿ ನೋಡಿದೆ. ಬಲ ಪಕ್ಕೆಯ ಉದ್ದಕ್ಕೂ ಹಳೆಯ ಹೊಲಿಗೆಯ ಗುರುತಿತ್ತು. ಅದು ಇರಬೇಕಾದದ್ದೇ. ಆದರೆ ಹೊಟ್ಟೆಯ ಕೆಳಭಾಗದಲ್ಲಿ, ಬಲಕ್ಕೆ, ಇನ್ನೊಂದು ಗುರುತಿತ್ತು. ಆ ಎರಡನೆಯದು ನನ್ನನ್ನು ಕಾಡಿತು.

ಓದುಗರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ಕಿಡ್ನಿಯಲ್ಲಿ ತಯಾರಾದ ಮೂತ್ರ ಅದರೊಳಗಿನ ಆಲಿಕೆಯಂಥ ಚೀಲದಲ್ಲಿ ಸೇರಿ, ಯುರೇಟರ್ ಎಂಬ ತೆಳು ನಾಳದಲ್ಲಿ ಇಳಿದು ಮೂತ್ರಕೋಶಕ್ಕೆ ಬರುತ್ತದೆ. ಕಲ್ಲಿನಿಂದ ಹಾಳಾದ ಕಿಡ್ನಿಯನ್ನು ತೆಗೆಯಲು ಪಕ್ಕೆಯ ಒಂದು ಗಾಯ ಸಾಕು. ಯುರೇಟರನ್ನು ಅದು ಮೂತ್ರಕೋಶ ಸೇರುವ ತುದಿಯವರೆಗೂ ಬುಡಸಮೇತ ಕೀಳಬೇಕಾದರೆ ಮಾತ್ರ ಕೆಳಗೆ ಎರಡನೇ ಗಾಯ ಬೇಕು. ಸರ್ಜನ್ನರು ಹಾಗೆ ಮಾಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಈ ದಾರಿಯ ಒಳಪದರಕ್ಕೆ ಕ್ಯಾನ್ಸರ್ ಆಗಿದ್ದರೆ. ಆ ಒಳಪದರ ಕಿಡ್ನಿಯಿಂದ ಮೂತ್ರಕೋಶದವರೆಗೆ ಒಂದೇ ಬಟ್ಟೆಯಂತೆ ಹಾಸಿರುತ್ತದೆ. ಒಂದು ಕಡೆ ರೋಗ ಬಂದರೆ ಇನ್ನೊಂದು ಕಡೆಯೂ ಬರಬಹುದು. ಹೌಸ್ ಸರ್ಜನ್ ಆಗಿದ್ದಾಗ ಆರು ತಿಂಗಳು ಮೂತ್ರಾಂಗದ ಶಸ್ತ್ರಚಿಕಿತ್ಸೆಯ ವಿಭಾಗದಲ್ಲಿ ಗಾಯ ತೊಳೆದ ನನಗೆ ಇಷ್ಟು ನೆನಪಿತ್ತು.

ಹೂವಮ್ಮನಿಗೆ ನಾನು ಆ ದಿನ ಏನೂ ಹೇಳಲಿಲ್ಲ. ಹಳೆಯ ಕಾಗದಗಳೆಲ್ಲಿ ಎಂದು ಕೇಳಿದೆ. ತಮ್ಮ ಚೌಡಪ್ಪನ ಹತ್ತಿರ ಟ್ರಂಕಿನಲ್ಲಿವೆ ಎಂದಳು. ತಲೆನೋವಿಗೆ, ಬೆನ್ನುನೋವಿಗೆ ಏನಾದರೂ ಮಾತ್ರೆ ತಗೊಳ್ಳುತ್ತೀಯಾ ಎಂದಾಗ ಸಹಜವಾಗಿ, ಎ.ಪಿ.ಸಿ. ದಿನಾ ತಗೊಳ್ತೀನಲ್ಲ, ಅದಿಲ್ಲದೆ ನಡೆಯೋಕಾಗಲ್ಲ ಎಂದಳು. ದಿನಕ್ಕೆ ನಾಲ್ಕು, ಕೆಲವು ದಿನ ಆರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ. ಎ.ಪಿ.ಸಿ. ಎಂದರೆ ಆಸ್ಪಿರಿನ್, ಫೆನಾಸಿಟಿನ್ ಮತ್ತು ಕೆಫೀನ್ ಬೆರೆಸಿದ ಮಾತ್ರೆ. ಅದರಲ್ಲಿನ ಫೆನಾಸಿಟಿನ್ ವರ್ಷಗಟ್ಟಲೆ ಹೊಟ್ಟೆಗೆ ಬಿದ್ದರೆ ಕಿಡ್ನಿಗೂ, ಈ ಒಳಪದರಕ್ಕೂ ಕೆಡುಕು ಎಂದು ಅಷ್ಟರಲ್ಲಿ ತಿಳಿದುಬಂದಿತ್ತು. ಆದರೂ ಅವಳು ಕೆಲಸ ಮಾಡುತ್ತಿದ್ದ ಹಳ್ಳಿಯ ಸಬ್‌ಸೆಂಟರಿನ ಕಪಾಟಿನಲ್ಲಿ ಆ ಮಾತ್ರೆಯ ಹಳೆಯ ಡಬ್ಬಿ ಉಳಿದಿತ್ತು.

ಸಾಗರದ ಒಂದು ಖಾಸಗಿ ಎಕ್ಸ್‌ರೇ ಕ್ಲಿನಿಕ್ಕಿನಲ್ಲಿ ಐ.ವಿ.ಪಿ. ಮಾಡಿಸಿದೆವು. ರಕ್ತನಾಳಕ್ಕೆ ಬಣ್ಣದ ಔಷಧ ಕೊಟ್ಟು, ಅದು ಕಿಡ್ನಿಯಿಂದ ಇಳಿಯುವಾಗ ಫಿಲಂ ತೆಗೆಯುವ ಪರೀಕ್ಷೆ ಅದು. ಬಲಗಡೆ ಬರಿದು. ಎಡಗಡೆಯ ಕಿಡ್ನಿಯ ಕೆಳಗಿನ ಮೂಲೆಯಲ್ಲಿ, ಬಿಳಿಯಾಗಿ ತುಂಬಬೇಕಾದ ಜಾಗದಲ್ಲಿ, ಹುಣಸೆಬೀಜದಷ್ಟು ಕಪ್ಪು. ಅಲ್ಲಿನ ಡಾಕ್ಟರು ಫಿಲಮ್ಮನ್ನು ದೀಪದ ಪೆಟ್ಟಿಗೆಗೆ ಹಿಡಿದು ಬಹಳ ಹೊತ್ತು ನೋಡಿದರು. ಎಕ್ಸ್‌ರೇಗೆ ಕಾಣದ ಕಲ್ಲಿರಬಹುದು, ರಕ್ತ ಹೆಪ್ಪುಗಟ್ಟಿರಬಹುದು, ಮಾತ್ರೆಯಿಂದ ಕಿಡ್ನಿಯದೇ ಒಂದು ಚೂರು ಸತ್ತು ಉದುರಿರಬಹುದು, ಗಡ್ಡೆಯೂ ಇರಬಹುದು ಎಂದರು.

ಮರುದಿನವೇ ಚೌಡಪ್ಪ ಆಸ್ಪತ್ರೆಗೆ ಬಂದ. ಅವನು ಹೊಸನಗರದ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಏಜೆಂಟ್. ಸಾಗರ, ತೀರ್ಥಹಳ್ಳಿ ಎಂದು ಕೂಗಿ ಜನರನ್ನು ಹತ್ತಿಸುವ ಕೆಲಸ. ತಾಯಿ ತೀರಿದ ಮೇಲೆ ಅವನನ್ನು ಸಾಕಿದವಳು ಹೂವಮ್ಮನೇ. ಬಾಗಿಲಲ್ಲಿ ನಿಂತೇ ಮಾತಾಡಿದ.

"ಡಾಕ್ಟರಮ್ಮ, ಒಂದು ಹೋಯ್ತು. ಈಗ ಇನ್ನೊಂದರ ಮೇಲೂ ಕಣ್ಣು ಬಿತ್ತಾ?"

ಕಿಡ್ನಿ ಕಳ್ಳತನದ ಕಥೆಯ ಮೂಲ ಇವನೇ ಎಂದು ನನಗೆ ಆಗ ಹೊಳೆಯಿತು. ದಿನಕ್ಕೆ ಇಪ್ಪತ್ತು ಬಸ್ಸಿನ ಜನರಿಗೆ ಕಥೆ ಹೇಳುವ ಅವಕಾಶ ಇನ್ಯಾರಿಗಿದೆ? ಹಳೆಯ ಕಾಗದ ಕೊಡು ಎಂದೆ. ಎಲ್ಲ ಗೆದ್ದಲು ಹಿಡಿದು ಹೋಯಿತು ಎಂದ. ಟ್ರಂಕಿನಲ್ಲಿತ್ತಂತಲ್ಲ ಎಂದೆ. ಟ್ರಂಕಿಗೇ ಗೆದ್ದಲು ಹಿಡಿಯಿತು ಎಂದ. ತಗಡಿನ ಟ್ರಂಕಿಗೆ ಗೆದ್ದಲು ಹಿಡಿದದ್ದನ್ನು ನಾನು ಕಂಡಿರಲಿಲ್ಲ.

ಅಂದಿನಿಂದ ನನಗೆ ಎಲ್ಲರ ಮೇಲೂ ಗುಮಾನಿ. ಘಟ್ಟದ ಕೆಳಗಿನ ಆಸ್ಪತ್ರೆ ಕ್ಯಾನ್ಸರ್ ಎಂದು ಗೊತ್ತಿದ್ದೂ ಹೇಳದೆ ಕಳಿಸಿತೇ? ಅಥವಾ ಈ ತಮ್ಮನೇ ಏನನ್ನಾದರೂ ಮುಚ್ಚಿಡುತ್ತಿದ್ದಾನೆಯೇ? ಹೂವಮ್ಮನ ಗಂಡ ಗೇಣಿ ಮಾಡುತ್ತಿದ್ದ ಜಮೀನು ಭೂಸುಧಾರಣೆಯಲ್ಲಿ ಅವಳ ಹೆಸರಿಗೆ ಬಂದಿತ್ತು, ಉಳುಮೆ ಚೌಡಪ್ಪನದು. ನಮ್ಮ ಕಾಂಪೌಂಡರ್ ಈ ವಿಷಯವನ್ನು ನನ್ನ ಕಿವಿಗೆ ಹಾಕಿ ಒಂಥರಾ ನಕ್ಕರು. ನಾನು ಅವರನ್ನು ಗದರಿಸಲಿಲ್ಲ. ಹಾಗೂ ಇರಬಹುದು ಎಂದು ನನಗೂ ಅನಿಸಿತ್ತು. ಅಕ್ಕ ಬೇಗ ಹೋದರೆ ಲಾಭ ಯಾರಿಗೆ ಎಂದು ಲೆಕ್ಕ ಹಾಕಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಊರಿನವರ ಗುಮಾನಿ ನನ್ನ ಮೇಲೆ. ಹೂವಮ್ಮನನ್ನು ಸಾಗರಕ್ಕೆ ಕರೆದುಕೊಂಡು ಹೋಗಿದ್ದು ಕಿಡ್ನಿಯ ಅಳತೆ ತೆಗೆಸುವುದಕ್ಕೆ ಎಂಬ ಸುದ್ದಿ ಹಬ್ಬಿತ್ತು. ಸೊಸೆಯ ಹೆರಿಗೆಗೆಂದು ಬಂದ ಒಬ್ಬಳು ಮುದುಕಿ ಅವಳ ಪಕ್ಕದಿಂದ ಮೂರು ದಿನ ಏಳಲಿಲ್ಲ. ಏಕೆಂದು ಕೇಳಿದರೆ, ನೀವು ಒಳಗೆ ಕರ್ಕೊಂಡು ಹೋಗಿಬಿಟ್ರೆ ಅಂತ, ಎಂದಳು.

ನಾನು ಘಟ್ಟದ ಕೆಳಗಿನ ಆಸ್ಪತ್ರೆಗೆ ಪತ್ರ ಬರೆದೆ. ಹೂವಮ್ಮನ ಹೆಸರು, ವರ್ಷ, ಊರು ಬಿಟ್ಟು ನನಗೆ ಬೇರೆ ವಿವರ ಗೊತ್ತಿರಲಿಲ್ಲ. ಉತ್ತರ ಬರುವುದಿಲ್ಲವೆಂದೇ ಎಣಿಸಿದ್ದೆ. ಮೂರು ವಾರಕ್ಕೆ ದಪ್ಪ ಲಕೋಟೆ ಬಂತು. ಆಪರೇಷನ್ನಿನ ಟಿಪ್ಪಣಿ, ಪೆಥಾಲಜಿ ವರದಿಯ ನಕಲು, ಮೇಲೊಂದು ಪತ್ರ. ಬಲ ಕಿಡ್ನಿ ಮತ್ತು ಪೂರ್ತಿ ಯುರೇಟರ್ ತೆಗೆಯಲಾಗಿದೆ. ಕಾರಣ, ಕಿಡ್ನಿಯ ಚೀಲದ ಒಳಪದರದ ಕ್ಯಾನ್ಸರ್. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬರಬೇಕೆಂದು ತಿಳಿಸಿ ವರದಿಯನ್ನು ರೋಗಿಯ ತಮ್ಮನ ಕೈಗೆ ಕೊಡಲಾಗಿದೆ, ಅವರ ಸಹಿ ಇದೆ. ಬಾರದೇ ಇದ್ದುದರಿಂದ ಆರು ಸಲ ಕಾರ್ಡ್ ಬರೆಯಲಾಗಿದೆ. ಉತ್ತರ ಬಂದಿಲ್ಲ. ರೋಗಿ ಬದುಕಿದ್ದಾರೆಂದು ತಿಳಿದು ಸಂತೋಷವಾಯಿತು.

ಕೊನೆಯ ಸಾಲನ್ನು ಎರಡು ಸಲ ಓದಿದೆ.

ಮಧ್ಯಾಹ್ನ ಬಸ್ಸುಗಳೆಲ್ಲ ಹೋಗಿ ನಿಲ್ದಾಣ ಖಾಲಿಯಾದಾಗ ನಾನೇ ಚೌಡಪ್ಪನ ಬಳಿ ಹೋದೆ. ಏಜೆಂಟರ ಗೂಡಿನಲ್ಲಿ ಒಬ್ಬನೇ ಕೂತಿದ್ದ. ಪತ್ರವನ್ನು ಮುಂದಿಟ್ಟೆ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ನಕಲಿನ ಕೆಳಗಿದ್ದ ತನ್ನ ಸಹಿಯನ್ನು ಗುರುತಿಸಿದ. ಜಗಳಕ್ಕೆ ಬರುತ್ತಾನೆ ಎಂದು ನಾನು ಸಿದ್ಧಳಾಗಿದ್ದೆ. ಅವನು ಬೆಂಚಿನ ಮೇಲೆ ಸರಿದು ನನಗೆ ಜಾಗ ಮಾಡಿಕೊಟ್ಟ.

ಅವನು ಹೇಳಿದ್ದು ಇಷ್ಟು. ಅವರ ತಾಯಿಗೆ ಬಾಯಲ್ಲಿ ಹುಣ್ಣಾಗಿತ್ತು. ಸಾಗರದಲ್ಲಿ ಒಬ್ಬ ಡಾಕ್ಟರು ಅದು ಕ್ಯಾನ್ಸರ್ ಎಂದು ಅವಳ ಎದುರಿಗೇ ಹೇಳಿದರು. ಬಸ್ಸಿನಲ್ಲಿ ಮನೆಗೆ ಬಂದ ತಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಮತ್ತೆ ಒಂದು ತುತ್ತು ಅನ್ನ ಮುಟ್ಟಲಿಲ್ಲ. ರೋಗ ಕೊಲ್ಲುವ ಮೊದಲೇ ಆ ಮಾತು ಕೊಂದಿತು ಎಂದು ಅವನ ನಂಬಿಕೆ. ಅಕ್ಕನಿಗೂ ಕ್ಯಾನ್ಸರೆಂದು ಹೇಳಿ ಕಾಗದ ಕೈಗೆ ಕೊಟ್ಟ ದಿನ ಅದನ್ನು ಹರಿದು ಆಗುಂಬೆ ಘಾಟಿಯಲ್ಲಿ ಬಸ್ಸಿನ ಕಿಟಕಿಯಿಂದ ಎಸೆದ, ಅಕ್ಕನಿಗೆ ಕಲ್ಲಿತ್ತು ಎಂದು ಹೇಳಿದ. ಕಾರ್ಡುಗಳು ಬಸ್ ಆಫೀಸಿನ ವಿಳಾಸಕ್ಕೇ ಬರುತ್ತಿದ್ದವು, ಅವನ್ನೂ ಹರಿದ. ಅಕ್ಕ ಚೆನ್ನಾಗಿಯೇ ಇದ್ದಳು, ಕೆಲಸಕ್ಕೆ ಹೋಗುತ್ತಿದ್ದಳು, ತಾನು ಮಾಡಿದ್ದು ಸರಿಯೆಂದೇ ತಿಳಿದ. ಕಲ್ಲು ತೋರಿಸು, ಕಲ್ಲು ತೋರಿಸು ಎಂದು ಜನ ಕೇಳಿದಾಗ ಏನಾದರೂ ಹೇಳಬೇಕಲ್ಲ.

"ಕದ್ದರು ಅಂದೆ. ಎಲ್ಲರೂ ನಂಬಿದ್ರು. ಆಮೇಲೆ ನಂಗೂ ಹೌದು ಅನ್ಸೋಕೆ ಶುರುವಾಯ್ತು ಅಮ್ಮಾ."

ಸುಳ್ಳು ಹೇಳಿದವನ ಮುಖವನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಇದು ಆ ಮುಖವಾಗಿರಲಿಲ್ಲ. ಜಮೀನಿನ ನನ್ನ ಲೆಕ್ಕಾಚಾರ ಅಲ್ಲೇ ಮುಗಿಯಿತು. ಅಕ್ಕನಿಗೆ ನೀನೇ ಹೇಳಬೇಕು, ನನ್ನ ಎದುರಿಗೆ ಹೇಳಬೇಕು ಎಂದೆ. ಎರಡು ದಿನ ಸಮಯ ಕೇಳಿದ. ಕೊಟ್ಟೆ.

ಅವನು ಹೇಳಿದ. ಆಸ್ಪತ್ರೆಯ ನನ್ನ ಕೋಣೆಯಲ್ಲಿ, ನೆಲ ನೋಡುತ್ತಾ. ಹೂವಮ್ಮ ಅಳಲಿಲ್ಲ, ಬೈಯಲಿಲ್ಲ. ಇಷ್ಟೇ ಕೇಳಿದಳು: "ಕಾರ್ಡ್ ಎಷ್ಟು ಬಂದಿದ್ವು?"

"ಆರು."

"ಆರು ಸಲನೂ ನಿನ್ನ ಕೈ ನಡುಗ್ಲಿಲ್ವಾ ಚೌಡ?"

ಆಮೇಲೆ ಅವಳು ಅವನ ಜೊತೆ ಒಂದು ವರ್ಷಕ್ಕೂ ಮೇಲ್ಪಟ್ಟು ಮಾತಾಡಲಿಲ್ಲ. ನನ್ನ ಕಡೆ ತಿರುಗಿ, ಇನ್ನು ಮುಂದೆ ಯಾವ ಕಾಗದ ಬಂದರೂ ನನ್ನ ಕೈಗೇ ಕೊಡಬೇಕು, ಸಹಿಯೂ ನಾನೇ ಹಾಕುತ್ತೇನೆ ಎಂದಳು. ನಾನು ಒಪ್ಪಿದೆ. ಮಾತ್ರೆಯ ವಿಷಯವನ್ನೂ ಆಗಲೇ ಹೇಳಿದೆ. ತಮ್ಮನ ಮಾತಿಗೆ ಅಲುಗದವಳು ಇದಕ್ಕೆ ಅಲುಗಿದಳು. ಇಪ್ಪತ್ತು ವರ್ಷ ಆ ಮಾತ್ರೆಯನ್ನು ಅವಳು ತಾನು ತಿಂದದ್ದಷ್ಟೇ ಅಲ್ಲ, ಹಳ್ಳಿ ಹಳ್ಳಿಯ ಹೆಂಗಸರ ಅಂಗೈಗೆ ಹಾಕಿದ್ದಳು.

ಮೇ ತಿಂಗಳಲ್ಲಿ ನಾನು ರಜೆ ಹಾಕಿ ಅವಳನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚೌಡಪ್ಪ ಅದೇ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಬಂದ. ಯಾರೂ ಕರೆದಿರಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅಲ್ಲಿ ಮೂತ್ರಕೋಶದೊಳಗೆ ದುರ್ಬೀನು ಹಾಕಿ ನೋಡಿದರು. ಮೂತ್ರಕೋಶ ಶುದ್ಧವಾಗಿತ್ತು. ರಕ್ತ ಎಡ ಯುರೇಟರಿನಿಂದ ಇಳಿಯುತ್ತಿತ್ತು. ಮೂತ್ರದಲ್ಲಿ ಕ್ಯಾನ್ಸರಿನ ಕಣಗಳು ಸಿಕ್ಕವು.

ಪುಸ್ತಕದ ಪ್ರಕಾರ ಇದಕ್ಕೆ ಒಂದೇ ಚಿಕಿತ್ಸೆ: ಕಿಡ್ನಿಯನ್ನು ಯುರೇಟರ್ ಸಮೇತ ತೆಗೆಯುವುದು. ಆದರೆ ಇರುವ ಒಂದನ್ನೂ ತೆಗೆದರೆ ಅವಳು ಡಯಾಲಿಸಿಸ್ ಯಂತ್ರದ ಮೇಲೆ ಬದುಕಬೇಕು. ಹಿನ್ನೀರಿನ ಅಂಚಿನ ದಾದಿಗೆ ವಾರಕ್ಕೆ ಎರಡು ಮೂರು ಸಲ ಬೆಂಗಳೂರಿನ ಯಂತ್ರ ಎಂದರೆ ಅದು ಬದುಕಲ್ಲ. ಅಲ್ಲಿನ ಸರ್ಜನ್ ಇನ್ನೊಂದು ದಾರಿ ಹೇಳಿದರು. ಬೆನ್ನಿನಲ್ಲಿ ಬೆರಳಗಲದ ತೂತು ಮಾಡಿ, ಅದರ ಮೂಲಕ ನೆಫ್ರೋಸ್ಕೋಪ್ ಎಂಬ ದುರ್ಬೀನನ್ನು ಕಿಡ್ನಿಯೊಳಗೆ ಇಳಿಸಿ, ಗಡ್ಡೆಯನ್ನು ಮಾತ್ರ ವಿದ್ಯುತ್ ತಂತಿಯ ಕುಣಿಕೆಯಿಂದ ಹೆರೆದು ತೆಗೆದು ಬುಡ ಸುಡುವುದು. ಕಿಡ್ನಿ ಉಳಿಯುತ್ತದೆ. ಕಲ್ಲು ತೆಗೆಯಲು ಆ ದಾರಿ ಆಗಷ್ಟೇ ರೂಢಿಗೆ ಬರುತ್ತಿತ್ತು. ಗಡ್ಡೆಗೆ ಬಳಸಿದ್ದವರು ಬಹಳ ಕಡಿಮೆ.

ನನಗೆ ಈ ಸರ್ಜನ್ ಮೇಲೂ ಸಂಶಯ. ಚಿಕ್ಕ ವಯಸ್ಸು, ವಿದೇಶದಲ್ಲಿ ಕಲಿತು ಬಂದವರು, ಫಿಲಮ್ಮಿನ ಫೋಟೋ ತೆಗೆಸಿ ಇಟ್ಟುಕೊಂಡಿದ್ದರು. ನಿಮಗೊಂದು ಹೊಸ ಕೇಸ್ ಬೇಕಾಗಿದೆ, ಅದಕ್ಕಾಗಿ ಹೇಳುತ್ತಿದ್ದೀರಾ ಎಂದು ಅವರ ಕೋಣೆಯಲ್ಲಿ ನೇರವಾಗಿಯೇ ಕೇಳಿದೆ. ಅವರಿಗೆ ಸಿಟ್ಟು ಬಂತು. ಆದರೂ ಉತ್ತರ ಕೊಟ್ಟರು.

"ಬೇಕಾಗಿದೆ. ಇಲ್ಲ ಅಂತ ಹೇಳೋದಿಲ್ಲ. ಆದರೆ ಇವರಿಗೆ ಎರಡು ಕಿಡ್ನಿ ಇದ್ದಿದ್ದರೆ ನಾನು ಈ ಮಾತು ಎತ್ತುತ್ತಲೇ ಇರಲಿಲ್ಲ."

ಹೂವಮ್ಮ ಅವರನ್ನು ನನಗಿಂತ ಚೆನ್ನಾಗಿ ವಿಚಾರಿಸಿಕೊಂಡಳು. ಇದನ್ನು ಎಷ್ಟು ಜನಕ್ಕೆ ಮಾಡಿದ್ದೀರಿ ಎಂದು ಕೇಳಿದಳು. ಕಲ್ಲಿಗೆ ಬಹಳ ಜನಕ್ಕೆ ಮಾಡಿದ್ದೇನೆ, ಗಡ್ಡೆಗೆ ನೀವು ಮೂರನೆಯವರು ಎಂದರು. ಮೊದಲಿನ ಇಬ್ಬರು ಹೇಗಿದ್ದಾರೆ? ಒಬ್ಬರು ಚೆನ್ನಾಗಿದ್ದಾರೆ, ಮೊನ್ನೆ ಬಂದಿದ್ದರು. ಇನ್ನೊಬ್ಬರು ಎರಡನೇ ತಪಾಸಣೆಗೆ ಬರಲಿಲ್ಲ.

"ಏನಾದ್ರು ಅವರು?"

"ಗೊತ್ತಿಲ್ಲ. ಕಾಗದ ಬರೆದೆ, ಉತ್ತರ ಬರಲಿಲ್ಲ."

ಬಾಗಿಲ ಹೊರಗೆ ನಿಂತಿದ್ದ ಚೌಡಪ್ಪನಿಗೂ ಆ ಮಾತು ಕೇಳಿಸಿರಬೇಕು. ರಕ್ತ ಹೋಗಬಹುದು, ಕಣಗಳು ತೂತಿನ ದಾರಿಯಲ್ಲಿ ಬಿದ್ದು ಅಲ್ಲೂ ಬೆಳೆಯಬಹುದು, ಗಡ್ಡೆ ಮತ್ತೆ ಬರಬಹುದು, ಬದುಕಿರುವವರೆಗೂ ತಪಾಸಣೆ ತಪ್ಪಿಸುವಂತಿಲ್ಲ ಎಂದು ಸರ್ಜನ್ ಒಂದೊಂದಾಗಿ ಹೇಳಿದರು. ಅವಳು ಎಲ್ಲವನ್ನೂ ಕನ್ನಡದಲ್ಲಿ ಬರೆಸಿ, ಓದಿಸಿ, ಸಹಿ ಹಾಕಿದಳು. ಹೊರಗೆ ಬಂದ ಮೇಲೆ ನನಗೆ ಹೇಳಿದಳು: "ಗೊತ್ತಿಲ್ಲ ಅಂದ್ರಲ್ಲ, ಆ ಮನುಷ್ಯನ ಕೈಗೆ ಬೆನ್ನು ಕೊಡಬಹುದು."

ಆಪರೇಷನ್ ದಿನ ನನಗೆ ಒಳಗೆ ನಿಲ್ಲಲು ಅವಕಾಶ ಕೊಟ್ಟರು. ಹೂವಮ್ಮನನ್ನು ಬೋರಲು ಮಲಗಿಸಿದ್ದರು. ಎಕ್ಸ್‌ರೇ ಪರದೆ ನೋಡುತ್ತಾ ಸರ್ಜನ್ ಉದ್ದನೆಯ ಸೂಜಿಯನ್ನು ಕಿಡ್ನಿಗೆ ಇಳಿಸಿದರು. ಸೂಜಿಯೊಳಗಿಂದ ತಂತಿ, ತಂತಿಯ ಮೇಲೆ ಒಂದಕ್ಕಿಂತ ಒಂದು ದಪ್ಪದ ಕೊಳವೆಗಳು, ಕೊನೆಗೆ ದುರ್ಬೀನು ಹಿಡಿಸುವಷ್ಟು ದಾರಿ. ಒಂದು ಗಳಿಗೆ ನನಗೂ ಕಣ್ಣಿಡಲು ಹೇಳಿದರು. ಹಳ್ಳದ ಕಲ್ಲಿಗೆ ಹಿಡಿದ ಪಾಚಿ ಹರಿಯುವ ನೀರಿನಲ್ಲಿ ಆಡುವಂತೆ, ತಿಳಿಗೆಂಪಿನ ಎಳೆಗಳು ಆಡುತ್ತಿದ್ದವು. ಕ್ಯಾನ್ಸರ್ ನೋಡಲು ಅಷ್ಟು ಕೋಮಲವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅರ್ಧಕ್ಕಿಂತ ಹೆಚ್ಚು ಹೆರೆದಾಗ ರಕ್ತ ಜೋರಾಯಿತು. ದುರ್ಬೀನಿನಲ್ಲಿ ಕೆಂಪು ಬಿಟ್ಟು ಏನೂ ಕಾಣದಾಯಿತು. ಇನ್ನೊಂದು ಸುತ್ತು ಹೆರೆದು ಮುಗಿಸಿಬಿಡಿ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರು ನಿಲ್ಲಿಸಿದರು. ಕಾಣದ ಕಡೆ ಕೈ ಹಾಕುವುದಿಲ್ಲ ಎಂದರು. ಕಿಡ್ನಿಗೆ ಒಂದು ರಬ್ಬರ್ ಕೊಳವೆ ಬಿಟ್ಟು, ಅದೇ ದಾರಿಯಲ್ಲಿ ಇನ್ನೊಮ್ಮೆ ಹೋಗೋಣವೆಂದು ಹೊರಬಂದರು.

ಆ ನಡುವಿನ ದಿನಗಳು ಕಷ್ಟದವು. ಜ್ವರ ಬಂತು. ಕೊಳವೆಗೆ ಕಟ್ಟಿದ ಪ್ಲಾಸ್ಟಿಕ್ ಚೀಲದ ಮೂತ್ರ ಕೆಂಪಾಗಿಯೇ ಇತ್ತು. ಮೂತ್ರದ ಪ್ರಮಾಣ ಒಂದು ದಿನ ತೀರಾ ಇಳಿಯಿತು. ಇದ್ದ ಒಂದು ಕಿಡ್ನಿಯನ್ನೂ ನಾವು ಕೊಂದೆವೇ ಎಂದು ನಾನು ಹೆದರಿದೆ. ಚೌಡಪ್ಪ ರಕ್ತ ಕೊಟ್ಟ. ಅವನ ರಕ್ತವೆಂದು ಹೂವಮ್ಮನಿಗೆ ಗೊತ್ತಾಗಿತ್ತು. ಐದನೇ ದಿನ ಚೀಲದ ಬಣ್ಣ ತಿಳಿಯಾಗತೊಡಗಿತು. ಎಂಟನೇ ದಿನ ಸರ್ಜನ್ ಮತ್ತೆ ಒಳಗೆ ಹೋಗಿ, ಉಳಿದಿದ್ದ ಚೂರನ್ನು ತೆಗೆದು, ಬುಡ ಸುಟ್ಟರು.

ಎಚ್ಚರವಾದ ಮೇಲೆ ಹೂವಮ್ಮ ಕೇಳಿದ ಮೊದಲ ಮಾತು, ತೆಗೆದದ್ದನ್ನು ತೋರಿಸಿ ಎಂದು. ಸರ್ಜನ್ ತಾವೇ ಬಾಟಲಿ ತಂದು ಕೈಗೆ ಕೊಟ್ಟರು. ತಳದಲ್ಲಿ ಕುಚ್ಚಲಕ್ಕಿಯ ನುಚ್ಚಿನಂಥ ಚೂರುಗಳು. ಅವಳು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಪೆಥಾಲಜಿ ವರದಿ ಒಳ್ಳೆಯದೇ ಬಂತು. ಮೆಲ್ಲಗೆ ಬೆಳೆಯುವ ಜಾತಿ, ಆಳಕ್ಕೆ ಇಳಿದಂತೆ ಕಾಣುವುದಿಲ್ಲ ಎಂದಿತ್ತು. ವಾರಕ್ಕೊಮ್ಮೆಯಂತೆ ಆರು ಸಲ ಆ ಕೊಳವೆಯ ಮೂಲಕ ಕ್ಯಾನ್ಸರ್ ಔಷಧವನ್ನು ಕಿಡ್ನಿಯೊಳಗೆ ಹನಿಸಿದರು. ನಾನು ಅಷ್ಟರಲ್ಲಿ ಕೆಲಸಕ್ಕೆ ಮರಳಿದ್ದೆ. ಚೌಡಪ್ಪ ಅಲ್ಲೇ ಉಳಿದ.

ಜುಲೈಯಲ್ಲಿ ಹೂವಮ್ಮ ತನ್ನ ಕಿಡ್ನಿಯೊಂದಿಗೆ ಊರಿಗೆ ಬಂದಳು. ಮೊದಲು ಮಾಡಿದ ಕೆಲಸ, ಸಬ್‌ಸೆಂಟರಿನ ಹಳೆಯ ಡಬ್ಬಿಯನ್ನು ತಂದು ನನ್ನ ಮೇಜಿನ ಮೇಲಿಟ್ಟದ್ದು. ಆಮೇಲೆ ತಾನು ಮಾತ್ರೆ ಕೊಟ್ಟು ಅಭ್ಯಾಸ ಮಾಡಿಸಿದ ಹೆಂಗಸರನ್ನೆಲ್ಲ ಹುಡುಕಿ ಮೂತ್ರ ಪರೀಕ್ಷೆಗೆ ಕರೆತಂದಳು. ಅವರಲ್ಲಿ ಒಬ್ಬಳ ಕಿಡ್ನಿ ಆಗಲೇ ಸೋಲತೊಡಗಿತ್ತು. ಮಾತ್ರೆ ಬಿಡಿಸಿದೆವು, ಹಾಳಾಗುವುದು ಅಲ್ಲಿಗೆ ನಿಂತಿತು. ಹೆಂಗಸರಿಗೆ ಮಾತ್ರ ಸಿಟ್ಟು. ಹೂವಕ್ಕ ಒಳ್ಳೆ ಮಾತ್ರೆಯನ್ನೆಲ್ಲ ತನಗೇ ಇಟ್ಟುಕೊಂಡಳು ಎಂದು ಬಾವಿಕಟ್ಟೆಯಲ್ಲಿ ಮಾತಾಡಿಕೊಂಡರಂತೆ.

ಚೌಡಪ್ಪನ ಪಾಡು ಇನ್ನೂ ವಿಚಿತ್ರ. ಅವನು ಬಸ್ ನಿಲ್ದಾಣದಲ್ಲಿ ನಿಂತು, ಕಿಡ್ನಿ ಯಾರೂ ಕದ್ದಿರಲಿಲ್ಲ, ನಾನೇ ಸುಳ್ಳು ಹೇಳಿದ್ದೆ ಎಂದು ಹೇಳತೊಡಗಿದ. ಯಾರೂ ನಂಬಲಿಲ್ಲ. ಡಾಕ್ಟರಮ್ಮ ಇವನ ಬಾಯಿ ಮುಚ್ಚಿಸಿದಾಳೆ ಅಂದರು. ಕಳ್ಳತನದ ಕಥೆಗೆ ಸಾಕ್ಷಿ ಕೇಳದ ಜನ ನಿಜಕ್ಕೆ ಸಾಕ್ಷಿ ಕೇಳಿದರು.

1988ರಲ್ಲಿ ನನಗೆ ತೀರ್ಥಹಳ್ಳಿಗೆ ವರ್ಗವಾಯಿತು. ಹೂವಮ್ಮ ಮೂರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಮೂತ್ರ ಕೊಟ್ಟು ಹೋಗುತ್ತಿದ್ದಳು. ಅದನ್ನು ನಾನು ಘಟ್ಟದ ಕೆಳಗಿನ ಆಸ್ಪತ್ರೆಯ ಲ್ಯಾಬಿಗೆ ಕಳಿಸುತ್ತಿದ್ದೆ. ವರದಿ ಅಂಚೆಯಲ್ಲಿ ನನ್ನ ಹೆಸರಿಗೆ ಬರುತ್ತಿತ್ತು, ಬಂದ ದಿನವೇ ಅವಳಿಗೆ ಕಳಿಸುತ್ತಿದ್ದೆ. ನಾನು ಹೊಸನಗರದಲ್ಲಿದ್ದಾಗಿನವೂ ಸೇರಿ ಆರು ವರದಿಗಳು ಶುದ್ಧವಾಗಿ ಬಂದವು.

1989ರ ಏಪ್ರಿಲ್‌ನಲ್ಲಿ ಬಂದ ವರದಿಯಲ್ಲಿ ಕ್ಯಾನ್ಸರ್ ಕಣಗಳಿವೆ ಎಂದಿತ್ತು. ಅದೇ ವಾರ ಚೌಡಪ್ಪನ ಮಗಳ ಮದುವೆ. ಹೂವಮ್ಮ ಅಷ್ಟರಲ್ಲಿ ತಮ್ಮನೊಂದಿಗೆ ಮಾತು ಶುರುಮಾಡಿದ್ದಳು. ಮದುವೆಯ ಓಡಾಟವೆಲ್ಲ ಅವಳದೇ. ನನಗೂ ಬರಲೇಬೇಕೆಂದು ಹೇಳಿಕಳಿಸಿದ್ದಳು. ನಾಲ್ಕು ದಿನದಲ್ಲಿ ರೋಗವೇನೂ ಓಡಿಹೋಗುವುದಿಲ್ಲ, ಮದುವೆ ಸಂತೋಷವಾಗಿ ಮುಗಿಯಲಿ ಎಂದುಕೊಂಡು ನಾನು ವರದಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಮದುವೆಗೆ ಹೋದೆ, ಊಟ ಮಾಡಿದೆ, ಅವಳು ಬಡಿಸಿದ ಹೋಳಿಗೆ ತಿಂದೆ. ಮರುದಿನ ವರದಿ ಹಿಡಿದು ಅವಳ ಮನೆಗೆ ಹೋದೆ.

ಅವಳು ಓದಿದಳು. ಅಷ್ಟು ಇಂಗ್ಲಿಷ್ ಅವಳಿಗೆ ಅಷ್ಟರಲ್ಲಿ ಬರುತ್ತಿತ್ತು. ಲಕೋಟೆ ತಿರುಗಿಸಿ ತೀರ್ಥಹಳ್ಳಿ ಅಂಚೆಯ ಮುದ್ರೆ ನೋಡಿದಳು.

"ಇದು ನಾಲ್ಕು ದಿನ ಎಲ್ಲಿತ್ತು ಅಮ್ಮಾ?"

ಮದುವೆ ಇತ್ತಲ್ಲ ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. ಅವಳು ಗದರಲಿಲ್ಲ. ವರದಿಯನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು, ಬೆಂಗಳೂರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ತಮ್ಮನನ್ನು ಕೂಗಿ ಕೇಳಿದಳು.

ಮೂತ್ರಕೋಶದಲ್ಲಿ ಒಂದು ಚಿಕ್ಕ ಗಡ್ಡೆ ಬಂದಿತ್ತು. ದುರ್ಬೀನಿನಿಂದಲೇ ಸುಟ್ಟರು. ಕಿಡ್ನಿ ಶುದ್ಧವಾಗಿತ್ತು. ಆ ಕಿಡ್ನಿ ಅವಳಿಗೆ ಕೊನೆಯವರೆಗೂ ದುಡಿಯಿತು. ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೆ ಅವಳು ತೀರಿಕೊಂಡದ್ದು ಲಕ್ವ ಹೊಡೆದು.

ಡಾಕ್ಟರಾದವರು ಸಂಶಯಪಡಲೇಬೇಕು. ಸಂಶಯಪಡದೇ ಇದ್ದಿದ್ದರೆ ನಾನು ಎರಡನೇ ಗಾಯವನ್ನು ಗಮನಿಸುತ್ತಿರಲಿಲ್ಲ. ಆದರೆ ಆ ಎರಡು ವರ್ಷ ನಾನು ಆಸ್ಪತ್ರೆಯನ್ನು ಸಂಶಯಿಸಿದೆ, ತಮ್ಮನನ್ನು ಸಂಶಯಿಸಿದೆ, ಸರ್ಜನ್ನರನ್ನು ಸಂಶಯಿಸಿದೆ. ನನ್ನ ಕನಿಕರವನ್ನು ಮಾತ್ರ ಸಂಶಯಿಸಲಿಲ್ಲ. ಚೌಡಪ್ಪನ ಕೈಯಲ್ಲಿ ಕಾಗದ ಹರಿಸಿದ್ದೂ ಕನಿಕರವೇ, ನನ್ನ ಡ್ರಾಯರಿಗೆ ಬೀಗ ಹಾಕಿಸಿದ್ದೂ ಅದೇ. ಆಮೇಲಿನ ನನ್ನ ಸರ್ವೀಸಿನಲ್ಲಿ ಎಷ್ಟೋ ಕೆಟ್ಟ ವರದಿಗಳು ಬಂದವು. ಹಬ್ಬದ ಮುನ್ನಾದಿನ ಬಂದವೂ ಇದ್ದವು. ಯಾರ ಹೆಸರಿಗಿದೆಯೋ ಅವರ ಕೈಗೆ ಅದೇ ದಿನ ಕೊಟ್ಟು, ಅವರು ಓದಿ ಮುಗಿಸುವವರೆಗೆ ಎದುರಿಗೆ ಕೂತಿರುತ್ತಿದ್ದೆ.